ಅಕ್ಕಿಗೆ ಗಡಿಯಾರದ ಹೆಸರು

ಪ್ರಶ್ನೆ: ನಮ್ಮ ಯಜಮಾನರು ರೈಲ್ವೆಯಲ್ಲಿದ್ದಾರೆ. ಗದಗಿನಿಂದ ಇಗತಪುರಿಗೆ ಬಂದು ಆರು ವರ್ಷವಾಯಿತು. ಇಲ್ಲಿಯ ಅಂಗಡಿಗಳಲ್ಲಿ ಇಂದ್ರಾಯಣಿ, ಕೋಲಂ ಅಕ್ಕಿಯ ಪಕ್ಕದಲ್ಲೇ ‘ಎಚ್‌ಎಂಟಿ’ ಎಂಬ ಅಕ್ಕಿಯೂ ಇರುತ್ತದೆ. ನಮಗೆ ಎಚ್‌ಎಂಟಿ ಅಂದರೆ ಮಾವನವರ ಕೈಗಡಿಯಾರ! ಅಕ್ಕಿಗೆ ಆ ಹೆಸರು ಹೇಗೆ ಬಂತು? ಎದುರು ಮನೆಯ ಮೇಷ್ಟ್ರನ್ನು ಕೇಳಿದರೆ, “ಅದನ್ನು ಕಂಡುಹಿಡಿದವನು ನಮ್ಮ ಮಹಾರಾಷ್ಟ್ರದ ಒಬ್ಬ ಬಡ ರೈತ. ಪೇಟೆಂಟ್ ಮಾಡಿಸಲಿಲ್ಲ, ಅದಕ್ಕೇ ಅವನ ಕೈಗೆ ಕಾಸು ಬರಲಿಲ್ಲ” ಎಂದರು. ಇದು ನಿಜವೇ? ಇನ್ನೂ ಒಂದು ಮಾತು. ನಮಗೆ ಹಾಲು ಹಾಕುವ ಬಾಬಾ ಅವರ ಗದ್ದೆಯಲ್ಲಿ ನಾಲ್ಕು ವರ್ಷದ ಹಿಂದೆ ಕಪ್ಪು ಹೊಟ್ಟಿನ ಒಂದು ಭತ್ತ ತಾನಾಗಿಯೇ ಬಂದಿತಂತೆ. ಅದನ್ನು ಬೇರೆ ಮಾಡಿ ಬೆಳೆಸುತ್ತಿದ್ದಾರೆ. ಈಗ ಊರವರು ಬೀಜ ಕೇಳುತ್ತಿದ್ದಾರೆ. ಕೊಡಬೇಕೋ, ಮೊದಲು ಪೇಟೆಂಟ್ ಮಾಡಿಸಬೇಕೋ?

ಓದುಗರೊಬ್ಬರು, ಇಗತಪುರಿ

ಉತ್ತರ: ಮೇಷ್ಟ್ರು ಹೇಳಿದ್ದರಲ್ಲಿ ಮುಕ್ಕಾಲು ನಿಜ. ರೈತ ನಿಜ, ಬಡತನ ನಿಜ, ಕೈಗೆ ಕಾಸು ಹತ್ತಲಿಲ್ಲ ಎಂಬುದೂ ಹೆಚ್ಚುಕಡಿಮೆ ನಿಜ. ತಪ್ಪಿರುವುದು ನಡುವಿನ ಒಂದೇ ಮಾತು. ಪೇಟೆಂಟ್ ಮಾಡಿಸದೆ ಆ ರೈತ ಕೆಟ್ಟಿದ್ದಲ್ಲ. ಮಾಡಿಸಲು ಹೋಗಿದ್ದರೂ ನಮ್ಮ ದೇಶದಲ್ಲಿ ಭತ್ತದ ತಳಿಗೆ ಪೇಟೆಂಟ್ ಸಿಗುತ್ತಿರಲಿಲ್ಲ, ಇವತ್ತಿಗೂ ಸಿಗುವುದಿಲ್ಲ. 1970ರ ಪೇಟೆಂಟ್ ಕಾಯ್ದೆ ಬೇಸಾಯದ ವಿಧಾನಗಳನ್ನು ಮೊದಲಿಂದಲೇ ಹೊರಗಿಟ್ಟಿತ್ತು. 2002ರ ತಿದ್ದುಪಡಿಯಲ್ಲಿ ಗಿಡ, ಪ್ರಾಣಿ, ಬೀಜ, ತಳಿ ಎಂದು ಒಂದೊಂದನ್ನೂ ಹೆಸರಿಸಿಯೇ ಬಾಗಿಲು ಹಾಕಿತು. ಹಾಗಾದರೆ ಅವರು ಕಳೆದುಕೊಂಡದ್ದು ಏನು, ಎಲ್ಲಿ ಎಂಬುದನ್ನು ನೋಡಬೇಕು. ಅದು ತಿಳಿದರೆ ನಿಮ್ಮ ಬಾಬಾ ಅವರ ಪ್ರಶ್ನೆಗೂ ಉತ್ತರ ಅಲ್ಲೇ ಇದೆ.

ಆ ರೈತರ ಹೆಸರು ದಾದಾಜಿ ರಾಮಾಜಿ ಖೋಬ್ರಾಗಡೆ. ಊರು ಇಗತಪುರಿಯಿಂದ ಬಹಳ ದೂರ, ಮಹಾರಾಷ್ಟ್ರದ ಮೂಡಣ ತುದಿಯ ಚಂದ್ರಪುರ ಜಿಲ್ಲೆಯ ನಾಗಭೀಡ ತಾಲೂಕಿನ ನಾಂದೇಡ್ ಎಂಬ ಹಳ್ಳಿ. (ಗುರುದ್ವಾರದ ನಾಂದೇಡ್ ಅಲ್ಲ, ಅದು ಬೇರೆ.) ದಲಿತ ಕುಟುಂಬ, ಮೂರನೇ ತರಗತಿಯವರೆಗಿನ ಓದು, ಒಂದೂವರೆ ಎಕರೆ ಜಮೀನು. 1983ರಲ್ಲಿ ಅವರು ಗದ್ದೆಯಲ್ಲಿ ಬೆಳೆದಿದ್ದದ್ದು ‘ಪಟೇಲ್ 3’ ಎಂಬ, ಆಗ ಆ ಸೀಮೆಯಲ್ಲಿ ಹೆಸರಾಗಿದ್ದ ತಳಿ. ಅದರ ನಡುವೆ ಬಣ್ಣ ಬೇರೆಯಾದ, ಹಳದಿ ಛಾಯೆಯ ಕಾಳಿನ ಮೂರು ತೆನೆ ಕಣ್ಣಿಗೆ ಬಿದ್ದವು. ಕೊಯ್ದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರು. ಮರುವರ್ಷ ಗದ್ದೆಯ ಮೂಲೆಯಲ್ಲಿ ಅಷ್ಟನ್ನೇ ಬೇರೆ ಬಿತ್ತಿದರು. ಕಾಡಿನಂಚಿನ ಜಮೀನಾದ್ದರಿಂದ ಹಂದಿ ಮೇಯದಂತೆ ಸುತ್ತ ಮುಳ್ಳು ಹಾಕಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಭತ್ತದ ಗದ್ದೆಯಲ್ಲಿ ಬೆರಕೆ ತೆನೆ ಬರುವುದು ಅಪರೂಪವೇನಲ್ಲ. ಭತ್ತ ಸ್ವಕೀಯ ಪರಾಗಸ್ಪರ್ಶದ ಬೆಳೆ, ಒಂದೇ ಹೂವಿನೊಳಗೆ ಎಲ್ಲ ಮುಗಿದುಹೋಗುತ್ತದೆ. ಆದರೂ ಅಲ್ಲೊಂದು ಇಲ್ಲೊಂದು ಹೂವಿಗೆ ಪಕ್ಕದ ಗದ್ದೆಯ ಪರಾಗ ತಾಗುವುದುಂಟು, ಬೀಜದೊಳಗೆ ತಾನಾಗಿ ಏರುಪೇರು ಆಗುವುದೂ ಉಂಟು. ನನ್ನ ಅಜ್ಜಿ ತೆನೆ ಹಾಲುಗಟ್ಟುವ ಹೊತ್ತಿಗೆ ಗದ್ದೆಗಿಳಿದು, ಉದ್ದ ಬೆಳೆದ, ಬಣ್ಣ ತಪ್ಪಿದ ಗಿಡಗಳನ್ನು ಹುಡುಕಿ ಹುಡುಕಿ ಕಿತ್ತು ಬದುವಿಗೆ ಎಸೆಯುತ್ತಿದ್ದಳು. ಅವು ದನದ ಬಾಯಿಗೆ. ಬೆರಕೆ ಉಳಿದರೆ ಬೀಜ ಕೆಡುತ್ತದೆ ಎಂಬುದು ಅವಳ ಲೆಕ್ಕ, ಸರಿಯಾದ ಲೆಕ್ಕವೇ. ಎಲ್ಲ ರೈತರೂ ಹಾಗೆಯೇ ಮಾಡುತ್ತಾರೆ. ಕೃಷಿ ಇಲಾಖೆ ಕಲಿಸುವುದೂ ಅದನ್ನೇ. ಖೋಬ್ರಾಗಡೆ ಮಾಡಿದ್ದು ಅದರ ತಿರುಗುಮುರುಗು: ಎಲ್ಲರೂ ಎಸೆಯುವುದನ್ನು ಎತ್ತಿಟ್ಟುಕೊಂಡರು.

“ಅದು ತಾನಾಗಿ ಬಂದದ್ದು, ಇವರು ಮಾಡಿದ್ದೇನು?” ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಿಮ್ಮ ಬಾಬಾ ಅವರಿಗೂ ನಾಳೆ ಯಾರಾದರೂ ಇದನ್ನೇ ಕೇಳುತ್ತಾರೆ. ಮಾಡಿದ್ದು ಇಷ್ಟು. ಮೂರು ತೆನೆಯ ಕಾಳು ಬಿತ್ತಿದರೆ ಮೊದಲ ವರ್ಷ ಬರುವ ಗಿಡಗಳು ಒಂದೇ ಸಮ ಇರುತ್ತವೆಂಬ ಭರವಸೆ ಇಲ್ಲ. ಅದರಲ್ಲಿ ಚೆನ್ನಾದದ್ದನ್ನು ಆರಿಸಬೇಕು, ಮತ್ತೆ ಬಿತ್ತಬೇಕು, ಮತ್ತೆ ಆರಿಸಬೇಕು. ಪ್ರತಿ ಸಲವೂ ಒಂದು ಪೂರ್ತಿ ಮಳೆಗಾಲ. ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಒಂದೂವರೆ ಎಕರೆಯವನಿಗೆ ಗದ್ದೆಯ ಒಂದು ಮೂಲೆ ಅಂದರೆ ಮನೆಯ ಊಟದ ಒಂದು ಪಾಲು. ಹೀಗೆ ಐದಾರು ವರ್ಷ ಕಳೆದ ಮೇಲೆ ತಳಿ ಒಂದು ಹದಕ್ಕೆ ಬಂತು. ನಾಲ್ಕು ಕಿಲೋ ಬೀಜ ಹಾಕಿ ನಾಲ್ಕೂವರೆ ಕ್ವಿಂಟಾಲ್ ಭತ್ತ ತೆಗೆದರು. ಕಾಳು ಪಟೇಲ್ 3ಕ್ಕಿಂತ ಸಣ್ಣ, ಅನ್ನ ರುಚಿ, ಗಿರಣಿಗೆ ಹಾಕಿದರೆ ನುಚ್ಚು ಕಡಿಮೆ. ಪೇಟೆಂಟ್ ಪರಿಭಾಷೆಯಲ್ಲಿ ಇದು ಆವಿಷ್ಕಾರವಲ್ಲದಿರಬಹುದು. ತಳಿ ವಿಜ್ಞಾನದಲ್ಲಿ ಇದಕ್ಕೆ ಆಯ್ಕೆ ಎಂದು ಹೆಸರು. ನಮ್ಮ ಬಾಳೆ, ಮಾವು, ರಾಗಿ, ದ್ರಾಕ್ಷಿ ಎಲ್ಲವೂ ಹೀಗೆ ಯಾರದೋ ಕಣ್ಣಿಗೆ ಬಿದ್ದು ಉಳಿದವೇ. ನಿಮ್ಮ ನಾಸಿಕದ ದ್ರಾಕ್ಷಿ ತೋಟಗಳಲ್ಲಿರುವ ‘ಸೋನಾಕ’, ‘ಶರದ್ ಸೀಡ್‌ಲೆಸ್’ ತಳಿಗಳೂ ಸೊಲ್ಲಾಪುರದ ಹತ್ತಿರದ ನಾನಜ್ ಎಂಬ ಊರಿನ ರೈತ ನಾನಾಸಾಹೇಬ್ ಕಾಳೆ ಅವರ ತೋಟದಲ್ಲಿ ಆಯ್ಕೆಯಾದವು.

ಇನ್ನು ಹೆಸರಿನ ಸಂಗತಿ. ನೆರೆಯ ದೊಡ್ಡ ಹಿಡುವಳಿಯ ರೈತರೊಬ್ಬರು ಖೋಬ್ರಾಗಡೆಯವರಿಂದ ಬೀಜ ಕೊಂಡು ಬೆಳೆದು, 1990ರ ಸುಮಾರಿಗೆ ತಳೋಧಿಯ ಮಾರುಕಟ್ಟೆಗೆ ಮೂಟೆ ಇಳಿಸಿದರು. ಇಂಥ ಭತ್ತವನ್ನು ವ್ಯಾಪಾರಿ ಅದುವರೆಗೆ ಕಂಡಿರಲಿಲ್ಲ. ಹೆಸರಿಲ್ಲದ ಮಾಲನ್ನು ಮಾರುವುದು ಹೇಗೆ? ಆಗ ಎಲ್ಲರ ಕೈಯಲ್ಲೂ ಇದ್ದದ್ದು, ಎಲ್ಲರ ಬಾಯಲ್ಲೂ ಇದ್ದದ್ದು ಎಚ್‌ಎಂಟಿ ಗಡಿಯಾರ. ಅದನ್ನೇ ಇಟ್ಟರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ನಮ್ಮ ಬೆಂಗಳೂರಿನಲ್ಲಿ ಶುರುವಾಗಿ, ಆಮೇಲೆ ತುಮಕೂರಿನಲ್ಲೂ ತಯಾರಾದ ಆ ಗಡಿಯಾರ ಒಂದು ಕಾಲಕ್ಕೆ ಮದುವೆಯಲ್ಲಿ ಅಳಿಯನಿಗೆ ಕೊಡುವ ವಸ್ತುವಾಗಿತ್ತು. ನಮ್ಮ ತಂದೆಯವರ ‘ಜನತಾ’ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ, ಕೀಲಿ ಕೊಟ್ಟರೆ ಓಡುತ್ತದೆ. ಗಡಿಯಾರದ ಕಾರ್ಖಾನೆಗಳು ಮುಚ್ಚಿಹೋದವು, ಅಕ್ಕಿ ಮಾತ್ರ ಅದೇ ಹೆಸರಿನಲ್ಲಿ ಊರೂರು ಸುತ್ತುತ್ತಿದೆ. ಒಂದು ಸರ್ಕಾರಿ ಕಂಪನಿಗೆ ಬಿಡಿಗಾಸಿನ ಖರ್ಚಿಲ್ಲದೆ ಸಿಕ್ಕಿದ ಇಷ್ಟು ದೊಡ್ಡ ಜಾಹೀರಾತು ಬೇರೆ ಇರಲಾರದು.

ಈ ಹೆಸರಿನಲ್ಲೇ ನನಗೊಂದು ತಕರಾರಿದೆ. ಪಟೇಲ್ 3 ಎಂಬ ತಾಯಿ ತಳಿಯನ್ನು ಹೊರತಂದವರು ಜಬಲ್ಪುರ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ ಡಾ. ಜೆ.ಪಿ. ಪಟೇಲ್. ತಳಿಯ ಹೆಸರಲ್ಲೇ ಅವರ ಹೆಸರಿದೆ. ಅದರ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಸಾಕಿ ಬೆಳೆಸಿದ ರೈತನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ನಮ್ಮಲ್ಲಿ ಇದರ ತದ್ವಿರುದ್ಧದ ಉದಾಹರಣೆಯೊಂದಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ತಳಿಗೆ ತಮ್ಮ ಹೆಸರಿಡಲಿಲ್ಲ, ಇಂಡಿಯಾ ಮತ್ತು ಆಫ್ರಿಕದ ಹೆಸರನ್ನೇ ಕೂಡಿಸಿ ಇಟ್ಟರು. ಆದರೆ ಜನ ಬಿಡಲಿಲ್ಲ. ರಾಗಿಯನ್ನೇ ಅವರ ಹೆಸರಿಗೆ ಅಂಟಿಸಿ ‘ರಾಗಿ ಲಕ್ಷ್ಮಣಯ್ಯ’ ಎಂದು ಕರೆದರು. ಅವರದು ಸಂಬಳದ ಕೆಲಸ, ತಿಂಗಳ ಕೊನೆಗೆ ಮನೆ ನಡೆಯುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ. ಖೋಬ್ರಾಗಡೆಯವರಿಗೆ ಸಂಬಳವೂ ಇಲ್ಲ, ಹೆಸರೂ ಇಲ್ಲ.

ಪೆಟ್ಟು ಬಿದ್ದದ್ದು 1994ರಲ್ಲಿ. ಅಕೋಲಾದ ಪಂಜಾಬರಾವ್ ದೇಶಮುಖ್ ಕೃಷಿ ವಿದ್ಯಾಪೀಠದವರು ಪ್ರಯೋಗಕ್ಕೆಂದು ಖೋಬ್ರಾಗಡೆಯವರಿಂದ ಐದು ಕಿಲೋ ಬೀಜ ಒಯ್ದರು. 1998ರಲ್ಲಿ ‘ಪಿಕೆವಿ ಎಚ್‌ಎಂಟಿ’ ಎಂಬ ತಳಿ ವಿದ್ಯಾಪೀಠದ ಹೆಸರಿನಲ್ಲಿ ಹೊರಬಂತು. ರೈತರ ಬೀಜದಲ್ಲಿ ಬೆರಕೆ ಇತ್ತು, ನಾವು ಶುದ್ಧ ಮಾಡಿದೆವು ಎಂಬುದು ವಿದ್ಯಾಪೀಠದ ಸಮರ್ಥನೆ. ಶುದ್ಧ ಮಾಡಿರಬಹುದು. ಒಂದೊಂದು ತೆನೆಯನ್ನು ಒಂದೊಂದು ಸಾಲಿಗೆ ಬಿತ್ತಿ, ಒಂದೇ ಸಮನಾದ ಸಾಲುಗಳನ್ನು ಉಳಿಸಿಕೊಳ್ಳುವುದು ನೂರು ವರ್ಷ ಹಳೆಯ ವಿದ್ಯೆ. ಅದಕ್ಕೆ ತಕ್ಕ ಗೌರವ ಇರಲಿ. ಆದರೆ ಅಕ್ಕಸಾಲಿಗ ಒಡವೆಗೆ ಮೆರುಗು ಕೊಟ್ಟರೆ ಕೂಲಿ ಕೇಳುತ್ತಾನೆ, ಒಡವೆಯನ್ನೇ ತನ್ನದೆನ್ನುವುದಿಲ್ಲ. ಆ ಐದು ಕಿಲೋ ಬೀಜದ ಜೊತೆಗೆ ಖೋಬ್ರಾಗಡೆಯವರ ಹೆಸರು ಅಕೋಲಾಕ್ಕೆ ಹೋಗಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣ ಇರುವುದು ಈ ಒಂದು ವಾಕ್ಯದಲ್ಲಿ.

ಆಮೇಲಿನದು ಪ್ರಶಸ್ತಿಗಳ ಕಾಲ. ಅಹಮದಾಬಾದಿನ ನ್ಯಾಷನಲ್ ಇನ್ನೊವೇಶನ್ ಫೌಂಡೇಶನ್ ಅವರನ್ನು ಗುರುತಿಸಿತು, 2005ರ ಜನವರಿಯಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಕೈಯಿಂದ ಪ್ರಶಸ್ತಿ ಸಿಕ್ಕಿತು. ಮಹಾರಾಷ್ಟ್ರ ಸರ್ಕಾರ ‘ಕೃಷಿಭೂಷಣ’ ಕೊಟ್ಟು ಚಿನ್ನದ ಪದಕ ಹಾಕಿತು. ಕಷ್ಟಕ್ಕೆಂದು ಆ ಪದಕ ಮಾರಲು ಹೋದಾಗ ಅದರಲ್ಲಿ ಚಿನ್ನ ಇದ್ದದ್ದೇ ಅಷ್ಟಕ್ಕಷ್ಟೆ ಎಂಬ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. 2010ರಲ್ಲಿ ಫೋರ್ಬ್ಸ್ ಪತ್ರಿಕೆ ದೇಶದ ಗ್ರಾಮೀಣ ಉದ್ಯಮಿಗಳ ಪಟ್ಟಿಯಲ್ಲಿ ಅವರ ಹೆಸರನ್ನು ಸೇರಿಸಿತು. ಉದ್ಯಮಿ! ತಳಿ ತೆಗೆಯುವುದನ್ನು ಮಾತ್ರ ಅವರು ಬಿಡಲಿಲ್ಲ. ನಾಂದೇಡ್ 92, ನಾಂದೇಡ್ ಹಿರಾ, ವಿಜಯ್ ನಾಂದೇಡ್ ಹೀಗೆ ಒಂದರ ಹಿಂದೆ ಒಂದು. ಹೆಚ್ಚಿನವಕ್ಕೆ ಊರಿನ ಹೆಸರು ಅಂಟಿರುವುದನ್ನು ಗಮನಿಸಿ. ಮತ್ತೊಂದಕ್ಕೆ ‘ಡಿಆರ್‌ಕೆ’ ಎಂದು ಹೆಸರು. ದಾದಾಜಿ ರಾಮಾಜಿ ಖೋಬ್ರಾಗಡೆ. ಗಡಿಯಾರದಿಂದ ಪಾಠ ಕಲಿತಿದ್ದರು. ಪಾರ್ಶ್ವವಾಯು ಬಡಿದು, ಚಿಕಿತ್ಸೆಗೆ ದುಡ್ಡು ಹೊಂದಿಸುವುದೇ ಮನೆಯವರಿಗೆ ದುಸ್ತರವಾಗಿ, 2018ರ ಜೂನ್ 3ರಂದು ಗಡಚಿರೋಲಿಯ ಶೋಧಗ್ರಾಮದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಎಚ್‌ಎಂಟಿ ಆ ಹೊತ್ತಿಗೆ ಐದು ರಾಜ್ಯಗಳಿಗೆ ಹಬ್ಬಿತ್ತು.

ಹಾಗಾದರೆ ಕಾನೂನು ಏನು ಮಾಡುತ್ತಿತ್ತು? ಕಾನೂನು ಇನ್ನೂ ಹುಟ್ಟಿರಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ತಳಿಗಳಿಗೆ ಏನಾದರೊಂದು ರಕ್ಷಣೆ ಕೊಡಲೇಬೇಕಾಯಿತು. ಪೇಟೆಂಟ್ ಕೊಡಲು ನಮ್ಮವರು ಒಪ್ಪಲಿಲ್ಲ. ಬದಲಿಗೆ 2001ರಲ್ಲಿ ‘ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ’ ಬಂತು. ಅದನ್ನು ನಡೆಸುವ ಪ್ರಾಧಿಕಾರ ದೆಹಲಿಯಲ್ಲಿ ಕಣ್ಣು ಬಿಟ್ಟದ್ದು 2005ರಲ್ಲಿ. ಕಂಪನಿ, ವಿಶ್ವವಿದ್ಯಾಲಯಗಳ ಸಾಲಿನಲ್ಲೇ ರೈತನನ್ನೂ ತಳಿಗಾರನೆಂದು ಒಪ್ಪಿದ ಕಾಯ್ದೆ ಇದು. ಈ ಒಂದು ವಿಷಯದಲ್ಲಿ ನಮ್ಮ ಸಂಸತ್ತಿನ ಬೆನ್ನು ತಟ್ಟಬೇಕು. ರೈತನ ತಳಿಯ ನೋಂದಣಿಗೆ ಶುಲ್ಕವಿಲ್ಲ. ಭತ್ತದಂಥ ಬೆಳೆಗೆ 15 ವರ್ಷ, ಮರ ಮತ್ತು ಬಳ್ಳಿಗೆ 18 ವರ್ಷ ರಕ್ಷಣೆ. ತಳಿ ಬೇರೆಯದಾಗಿರಬೇಕು, ಒಂದೇ ಸಮ ಇರಬೇಕು, ವರ್ಷದಿಂದ ವರ್ಷಕ್ಕೆ ಹಾಗೆಯೇ ನಿಲ್ಲಬೇಕು, ಇಷ್ಟೇ ಪರೀಕ್ಷೆ. ಮುಖ್ಯವಾದ ಮಾತು ಇನ್ನೊಂದಿದೆ. ರೈತನ ತಳಿಯಿಂದ ಯಾರಾದರೂ ಸ್ವಲ್ಪ ತಿದ್ದಿ ಹೊಸದು ತೆಗೆದರೆ, ಅದನ್ನು ಬೇರೆಯವರಿಗೆ ಉತ್ಪಾದಿಸಲು, ಮಾರಲು ಬಿಡುವ ಮುನ್ನ ಆ ರೈತನ ಒಪ್ಪಿಗೆ ಬೇಕು. ‘ನಾವು ಶುದ್ಧ ಮಾಡಿದೆವು’ ಎಂಬ ವಾದ ಇವತ್ತಾಗಿದ್ದರೆ ಈ ಕಲಮಿನ ಮುಂದೆ ನಿಂತು ಉತ್ತರ ಕೊಡಬೇಕಿತ್ತು. ಬೀಜ ಉಳಿಸಿ ಮತ್ತೆ ಬಿತ್ತುವ, ಅದಲು ಬದಲು ಮಾಡುವ, ಮಾರುವ ಹಕ್ಕನ್ನೂ ಕಾಯ್ದೆ ಎಲ್ಲ ರೈತರಿಗೆ ಉಳಿಸಿಕೊಟ್ಟಿದೆ, ಬ್ರ್ಯಾಂಡಿನ ಹೆಸರು ಹಾಕಿ ಮಾತ್ರ ಮಾರುವಂತಿಲ್ಲ. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿ ಕಂಪನಿ ಕೋಟಿ ರೂಪಾಯಿಯ ದಾವೆ ಹಾಕಿ, ಜನ ಸಿಟ್ಟಿಗೆದ್ದಾಗ ಹಿಂತೆಗೆದುಕೊಂಡದ್ದು ಇದೇ ಹಕ್ಕಿನ ನೆರಳಿನಲ್ಲಿ.

ಪೇಟೆಂಟ್ ಒಂದು ಸಿಕ್ಕಿಬಿಟ್ಟರೆ ಎಲ್ಲ ಸುಖ ಎಂದು ನಿಮ್ಮ ಮೇಷ್ಟ್ರು ನಂಬಿದಂತಿದೆ. ಅವರಿಗೆ ನಿಮ್ಮ ಪಕ್ಕದ ಛತ್ರಪತಿ ಸಂಭಾಜಿನಗರದ ಕಡೆಯದೇ ಒಂದು ಸಂಗತಿ ಹೇಳಿ. ಅಲ್ಲಿಯ ವಾಳೂಜ್‌ನಲ್ಲಿ ಕಾರ್ಖಾನೆ ಇಟ್ಟಿರುವ ಬಜಾಜ್ ಕಂಪನಿ, ಸಣ್ಣ ಎಂಜಿನ್ನಿಗೆ ಒಂದರ ಬದಲು ಎರಡು ಸ್ಪಾರ್ಕ್ ಪ್ಲಗ್ ಹಾಕುವ ವಿಧಾನಕ್ಕೆ 2002ರಲ್ಲಿ ಅರ್ಜಿ ಹಾಕಿ 2005ರಲ್ಲಿ ಪೇಟೆಂಟ್ ಪಡೆಯಿತು. 2007ರಲ್ಲಿ ನಮ್ಮ ಬೆಂಗಳೂರಿನ ಬಾಗಿಲಲ್ಲೇ ಇರುವ ಹೊಸೂರಿನ ಟಿವಿಎಸ್ ‘ಫ್ಲೇಮ್’ ಎಂಬ ಬೈಕು ಹೊರತಂದಿತು, ಅದರಲ್ಲೂ ಎರಡು ಪ್ಲಗ್. ನಮ್ಮದು ಮೂರು ವಾಲ್ವಿನ ಎಂಜಿನ್, ವಿನ್ಯಾಸವೇ ಬೇರೆ ಎಂಬುದು ಟಿವಿಎಸ್ ವಾದ. 2008ರ ಫೆಬ್ರುವರಿಯಲ್ಲಿ ಮದರಾಸು ಹೈಕೋರ್ಟು ತಡೆ ಕೊಟ್ಟಿತು, 2009ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ತಡೆ ತೆಗೆಯಿತು, ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ‘ಮಾರಿಕೊಳ್ಳಿ, ಲೆಕ್ಕ ಇಡಿ’ ಎಂದು ಹೇಳಿ, ಇಂಥ ದಾವೆಗಳನ್ನು ದಿನಂಪ್ರತಿ ನಡೆಸಿ ಬೇಗ ಮುಗಿಸಬೇಕೆಂದು ಕೆಳಗಿನ ಕೋರ್ಟುಗಳಿಗೆ ತಾಕೀತು ಮಾಡಿತು. ಬೇಗ ಎಂದರೆ ಎಷ್ಟು ಬೇಗ? 2019ರಲ್ಲಿ ಎರಡೂ ಕಂಪನಿಗಳು ಕೂತು ರಾಜಿ ಮಾಡಿಕೊಂಡವು. ಪೇಟೆಂಟಿನ ಆಯಸ್ಸು 20 ವರ್ಷ, ಜಗಳದ ಆಯಸ್ಸು 12. ಇಬ್ಬರಿಗೂ ದೊಡ್ಡ ವಕೀಲರಿದ್ದರು, ಕಾಯುವ ಶಕ್ತಿ ಇತ್ತು. ಒಂದೂವರೆ ಎಕರೆಯವನ ಕೈಗೆ ಅದೇ ಪೇಟೆಂಟ್ ಕೊಟ್ಟಿದ್ದರೆ ಅದನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದಿತ್ತು, ಅಷ್ಟೆ.

ಈಗ ತುಮಕೂರಿಗೆ ಬನ್ನಿ. ಗುಬ್ಬಿ ತಾಲೂಕಿನ ಚೇಳೂರಿನಲ್ಲಿ ಎಸ್.ಎಸ್. ಪರಮೇಶ ಅವರ ತೋಟದಲ್ಲಿ ಒಂದು ಹಲಸಿನ ಮರವಿದೆ. ಅವರ ತಂದೆ ಸಿದ್ದಪ್ಪನವರು ನೆಟ್ಟದ್ದು. ಹಣ್ಣು ಚಿಕ್ಕದು, ಸುಮಾರು ಎರಡೂವರೆ ಕಿಲೋ. ಒಬ್ಬಳೇ ಹೆಂಗಸು ಕಂಕುಳಲ್ಲಿ ಇಟ್ಟುಕೊಂಡು ಸಂತೆಯಿಂದ ಬರಬಹುದು, ಒಂದು ಮನೆಗೆ ಒಂದು ಹೊತ್ತಿಗೆ ಸರಿಯಾಗುತ್ತದೆ. ಕೊಯ್ದರೆ ತೊಳೆ ತಾಮ್ರಗೆಂಪು. ನೆಂಟರಿಷ್ಟರು ತಿಂದು ಹೊಗಳುತ್ತಿದ್ದರು, ಬೀಜ ಒಯ್ದು ನೆಡುತ್ತಿದ್ದರು. ಆದರೆ ಹಲಸು ಭತ್ತದಂತಲ್ಲ. ಅದು ಪರಕೀಯ ಪರಾಗದ ಮರ, ಬೀಜ ನೆಟ್ಟರೆ ತಾಯಿಯ ಗುಣ ಬರುವುದಿಲ್ಲ. ಕಸಿಯೇ ಕಟ್ಟಬೇಕು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಮರವನ್ನು ಕಂಡು ಪರೀಕ್ಷೆ ಮಾಡಿದರು. ಆಮೇಲೆ ಅವರು ಮಾಡಿದ ಕೆಲಸ ನೋಡಿ. ಕಡ್ಡಿ ಕೊಯ್ದುಕೊಂಡು ಹೋಗಿ ತಮ್ಮ ಸಂಸ್ಥೆಯ ಹೆಸರಿನಲ್ಲಿ ತಳಿ ಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಬದಲಿಗೆ 2017ರಲ್ಲಿ ರೈತನೊಂದಿಗೆ ಒಪ್ಪಂದ ಬರೆದರು. ತಳಿಗೆ ಹೆಸರು ‘ಸಿದ್ದು’, ಮರ ನೆಟ್ಟ ತಂದೆಯ ಹೆಸರು. ಕಸಿ ಕಟ್ಟುವುದು ಸಂಸ್ಥೆ, ಮಾರಾಟದ ಹಣದಲ್ಲಿ ನೂರಕ್ಕೆ 75 ರೈತನಿಗೆ, 25 ಸಂಸ್ಥೆಗೆ. ಒಂದು ಸಸಿಗೆ 150 ರೂಪಾಯಿ ಬೆಲೆ ಇಟ್ಟರು, ಸಾವಿರಾರು ಸಸಿಗೆ ಬೇಡಿಕೆ ಬಂತು. ಕೆಲವೇ ವರ್ಷಗಳಲ್ಲಿ ಆ ಮನೆಗೆ ಬಂದ ಹಣ ಹತ್ತು ಲಕ್ಷ ದಾಟಿತು. ಹಾಗೆಯೇ ಕುಣಿಗಲ್ ತಾಲೂಕಿನ ಚೌಡನಕುಪ್ಪೆಯ ಇನ್ನೊಂದು ಮರ ‘ಶಂಕರ’ ಎಂದು ಹೆಸರಾಯಿತು, ಅದೂ ರೈತನ ಹೆಸರೇ.

ನಾಂದೇಡ್‌ಗೆ ಬಂದವರೂ ಸರ್ಕಾರದ ಸಂಬಳದ ವಿಜ್ಞಾನಿಗಳು, ಚೇಳೂರಿಗೆ ಬಂದವರೂ ಸರ್ಕಾರದ ಸಂಬಳದ ವಿಜ್ಞಾನಿಗಳು. ಎರಡು ಕಡೆಯೂ ಪೇಟೆಂಟ್ ಇಲ್ಲ. ಒಂದು ಕಡೆ ಬೀಜ ಕೈ ದಾಟುವಾಗ ಕಾಗದ ಇರಲಿಲ್ಲ, ಇನ್ನೊಂದು ಕಡೆ ಕಡ್ಡಿ ಮರ ಇಳಿಯುವ ಮೊದಲೇ ಕಾಗದ ಇತ್ತು.

ಹಾಗೆಂದು ಹಲಸಿನ ಲೆಕ್ಕವನ್ನು ಭತ್ತಕ್ಕೆ ಹಾಗೆಯೇ ಹಾಕಬೇಡಿ, ನಿಮಗೆ ಸುಳ್ಳು ಆಸೆ ಹುಟ್ಟಿಸುವುದು ನನಗೆ ಬೇಡ. ಹಲಸಿನ ಗಿಡ ಬೇಕೆಂದವನು ಕಸಿ ಕಟ್ಟಿದವನ ಹತ್ತಿರ ಬರಲೇಬೇಕು. ಭತ್ತದಲ್ಲಿ ಹಾಗಲ್ಲ. ಒಂದು ಸೇರು ಬೀಜ ಒಯ್ದವನು ಮುಂದಿನ ಸುಗ್ಗಿಗೆ ತಾನೇ ಬೀಜದ ಒಡೆಯ, ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಬೀಜ ಹಂಚುವುದು ನಮ್ಮ ಹಳ್ಳಿಗಳಲ್ಲಿ ಪುಣ್ಯದ ಕೆಲಸ, ಕಾಯ್ದೆಯೂ ಅದನ್ನು ತಡೆಯುವುದಿಲ್ಲ, ತಡೆಯಲೂಬಾರದು. ಆದ್ದರಿಂದ ಭತ್ತದ ತಳಿಗಾರನಿಗೆ ದುಡ್ಡು ಬರುವುದಾದರೆ ಮೊದಲ ಒಂದೆರಡು ವರ್ಷದ ಬೀಜ ಮಾರಾಟದಿಂದ, ಬೀಜ ಕಂಪನಿ ಅಥವಾ ನಿಗಮದ ಜೊತೆಗಿನ ಒಪ್ಪಂದದಿಂದ, ಇಲ್ಲವೇ ಪ್ರಾಧಿಕಾರದ ಪುರಸ್ಕಾರದಿಂದ. ಪ್ರಾಧಿಕಾರ ತಳಿ ಕಾಪಾಡಿದ ರೈತ ಸಮುದಾಯಗಳಿಗೆ 10 ಲಕ್ಷ ರೂಪಾಯಿಯವರೆಗೆ ಕೊಡುತ್ತದೆ, ಒಬ್ಬೊಬ್ಬ ರೈತರಿಗೆ ಬೇರೆ ಪುರಸ್ಕಾರಗಳಿವೆ. ನೋಂದಣಿ ಮಾಡಿಸಿದ ಮಾತ್ರಕ್ಕೆ ತಿಂಗಳು ತಿಂಗಳು ಮನಿಯಾರ್ಡರ್ ಬರುವುದಿಲ್ಲ.

ಈಗ ನಿಮ್ಮ ಬಾಬಾ ಅವರ ಕಪ್ಪು ಭತ್ತ. ಮೊದಲ ಅನುಮಾನವನ್ನು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ತಾಲೂಕಿಗೆ ಅಂಟಿಕೊಂಡಿರುವ ಅಕೋಲೆ ತಾಲೂಕಿನಲ್ಲಿ (ವಿದ್ಯಾಪೀಠದ ಅಕೋಲಾ ಅಲ್ಲ, ಇದು ಬೇರೆ) ‘ಕಾಳಭಾತ್’ ಎಂಬ ಹಳೆಯ ತಳಿ ಇದೆ. ಅದರ ಹೊಟ್ಟೂ ಕಪ್ಪು, ಅಕ್ಕಿಗೆ ಪರಿಮಳ. ಅದರ ನಾಲ್ಕು ಕಾಳು ಹೊಳೆಯ ನೀರಿನಲ್ಲೋ, ಯಾರದೋ ಸಸಿಮಡಿಯ ಜೊತೆಗೋ ಬಾಬಾ ಅವರ ಗದ್ದೆಗೆ ಬಂದಿರಬಾರದೇಕೆ? ಬಂದಿದ್ದರೆ ಅದು ಹೊಸ ತಳಿಯಲ್ಲ, ಹಳೆಯ ನೆಂಟ. ಪತ್ತೆ ಮಾಡುವುದು ಕಷ್ಟವಲ್ಲ. ಅಕೋಲೆಯ ಕೊಂಭಾಳ್ಣೆ ಗ್ರಾಮದಲ್ಲಿ ರಾಹೀಬಾಯಿ ಪೋಪೆರೆ ಅವರ ಬೀಜ ಬ್ಯಾಂಕ್ ಇದೆ. ‘ಬೀಜಮಾತೆ’ ಎಂದು ಹೆಸರಾದ, 2020ರಲ್ಲಿ ಪದ್ಮಶ್ರೀ ಬಂದ ಅದೇ ರಾಹೀಬಾಯಿ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆ ಕಡೆಯಿಂದ ಒಂದು ಹಿಡಿ ಕಾಳಭಾತ್ ತಂದು, ಈ ಮಳೆಗಾಲ ಬಾಬಾ ಅವರ ಭತ್ತದ ಪಕ್ಕದಲ್ಲೇ ನಾಲ್ಕು ಸಾಲು ನಾಟಿ ಮಾಡಿಸಿ. ಗಿಡದ ಎತ್ತರ, ತೆನೆ ಬಿಡುವ ದಿನ, ಮುಳ್ಳು ಇದೆಯೋ ಇಲ್ಲವೋ, ಕಾಳಿನ ಉದ್ದ, ಹೊಟ್ಟು ಬಿಡಿಸಿದ ಮೇಲೆ ಅಕ್ಕಿಯ ಬಣ್ಣ, ಬೆಂದಾಗಿನ ವಾಸನೆ, ಇಷ್ಟನ್ನು ಹೋಲಿಸಿ ನಿಮ್ಮ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಬಾಬಾ ಹೇಳಲಿ, ನೀವು ಬರೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಖೋಬ್ರಾಗಡೆಯವರ ಬಳಿ ಇಂಥ ನೋಟ್‌ಬುಕ್ ಇದ್ದಿದ್ದರೆ ‘ಬೆರಕೆ’ ಎಂಬ ಮಾತಿಗೆ ಅಲ್ಲೇ ಉತ್ತರ ಸಿಗುತ್ತಿತ್ತೇನೋ.

ಬೇರೆಯದೇ ತಳಿ ಎಂದು ಕಂಡರೆ ಮುಂದಿನ ಹೆಜ್ಜೆ ನೋಂದಣಿ. ಇಗತಪುರಿಯಲ್ಲೇ ರಾಹುರಿ ಕೃಷಿ ವಿದ್ಯಾಪೀಠದ ವಲಯ ಸಂಶೋಧನಾ ಕೇಂದ್ರವಿದೆ. ಹುಚ್ಚೆಳ್ಳಿನ ‘ಐಜಿಪಿ 76’ ತಳಿಯ ಹೆಸರಿನಲ್ಲಿರುವ ಐಜಿಪಿ ಎಂದರೆ ಇಗತಪುರಿಯೇ. ಅಲ್ಲಿಯ ವಿಜ್ಞಾನಿಗಳ ಸಲಹೆ ಧಾರಾಳವಾಗಿ ಕೇಳಿ, ತಳಿಯನ್ನು ಗುರುತಿಸುವ ಕಣ್ಣು ಅವರಿಗಿದೆ. ಎಲ್ಲರೂ ಅಕೋಲಾದವರಂತೆ ಅಲ್ಲ, ಹೆಸರಘಟ್ಟದವರೂ ಇದ್ದಾರೆ ಎಂದು ಈಗಷ್ಟೇ ನೋಡಿದೆವಲ್ಲ. ಆದರೆ ಬೀಜ ಕೊಡುವ ಮುನ್ನ ಎರಡು ಸಾಲಿನ ಕಾಗದ ಬರೆಸಿಕೊಳ್ಳಿ: ಇಂಥ ದಿನ, ಇಂಥವರಿಂದ, ಇಷ್ಟು ಕಿಲೋ, ಪರೀಕ್ಷೆಗೆ ಮಾತ್ರ. ಕೆಳಗೆ ಸಹಿ, ಮೊಹರು. ಒಳ್ಳೆಯ ವಿಜ್ಞಾನಿ ಇದಕ್ಕೆ ಮುಖ ಗಂಟಿಕ್ಕುವುದಿಲ್ಲ. ನೋಂದಣಿ ಅರ್ಜಿಗೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿ, ಜಿಲ್ಲಾ ಕೃಷಿ ಅಧಿಕಾರಿ, ವಿದ್ಯಾಪೀಠದ ಸಂಶೋಧನಾ ನಿರ್ದೇಶಕರು ಅಥವಾ ಜಿಲ್ಲಾ ಬುಡಕಟ್ಟು ಅಭಿವೃದ್ಧಿ ಕಚೇರಿ, ಇವರಲ್ಲಿ ಒಬ್ಬರ ದೃಢೀಕರಣ ಸಾಕು. ಮಹಾರಾಷ್ಟ್ರದವರಿಗೆ ಪ್ರಾಧಿಕಾರದ ಶಾಖೆ ಪುಣೆಯಲ್ಲಿದೆ. ಇದನ್ನು ಕರ್ನಾಟಕದಲ್ಲಿ ಓದುತ್ತಿರುವವರಿಗೆ ಶಿವಮೊಗ್ಗದಲ್ಲಿದೆ.

ಊರವರು ಬೀಜ ಕೇಳುತ್ತಿದ್ದಾರೆ ಎಂದಿರಿ. ಕೊಡಲಿ. ನೆರೆಯವರಿಗೆ ಬೀಜ ಇಲ್ಲ ಎನ್ನುವ ರೈತನಿಗೆ ಊರಲ್ಲಿ ನೀರೂ ಹುಟ್ಟುವುದಿಲ್ಲ. ಆದರೆ ಇದೊಂದು ವರ್ಷ ತಡೆದು, ಅರ್ಜಿ ಹಾಕಿದ ಮೇಲೆ ಕೊಟ್ಟರೆ ಒಳ್ಳೆಯದು. ಕೊಡುವಾಗ ಹೆಸರು ಹೇಳಿ ಕೊಡಲಿ. ಹೆಸರಿಲ್ಲದೆ ಹೋದರೆ ನಿಮ್ಮ ತಾಲೂಕಿನ ಘೋಟಿಯ ಗಿರಣಿಯ ಮುಂದೆ ಮೂಟೆ ಇಳಿಸಿದ ದಿನ ಯಾವನೋ ವ್ಯಾಪಾರಿ ತನ್ನ ಕೈಯಲ್ಲಿರುವ ಮೊಬೈಲಿನ ಹೆಸರು ಇಟ್ಟುಬಿಡುತ್ತಾನೆ. ಅರ್ಜಿಯಲ್ಲಿ ತಳಿಯ ಹೆಸರಿಗೆಂದೇ ಒಂದು ಖಾನೆ ಇದೆ. ಬರೀ ಅಂಕಿ ಬರೆದರೆ ಕಾನೂನು ಒಪ್ಪುವುದಿಲ್ಲ, ಹೆಸರನ್ನೇ ಬರೆಯಬೇಕು. ಬಾಬಾ ಅಲ್ಲಿ ಏನು ಬರೆಸಿದರೆಂದು ಸುಗ್ಗಿಯ ನಂತರ ನನಗೊಂದು ಕಾಗದ ಹಾಕಿ.